ಕೈ ಎತ್ತಿದವನನ್ನು ಹೊಡೆಯಬಹುದಾ? ಯುದ್ಧದ ಕಾನೂನಿನ ಬಗ್ಗೆ ತಿಳಿದವರು ಹೇಳಿ

ಬೈಲಹೊಂಗಲದ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಬೈಲಹೊಂಗಲ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ವಾರ ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮುಗಿಸಿ ಹಾಜರಿ ಪುಸ್ತಕ ಎತ್ತಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಅವನ ಅಣ್ಣ ಮಿಲಿಟರಿಯಲ್ಲಿದ್ದಾನೆ. ವಾಟ್ಸಾಪ್‌ನಲ್ಲಿ ಯಾವುದೋ ದೇಶದ ಯುದ್ಧದ ವಿಡಿಯೊ ನೋಡಿದ್ದನಂತೆ. ಕೈ ಹಿಂದಕ್ಕೆ ಕಟ್ಟಿಸಿಕೊಂಡ ಸೈನಿಕನೊಬ್ಬ ಮೊಣಕಾಲೂರಿ ಕೂತಿದ್ದಾನೆ. ನಾಲ್ಕು ಜನ ಒದೆಯುತ್ತಿದ್ದಾರೆ. ಒಬ್ಬ ನಗುತ್ತ ಮೊಬೈಲ್ ಹಿಡಿದಿದ್ದಾನೆ.

"ಅಕ್ಕೋರೆ, ಸಿಕ್ಕಿಬಿದ್ದವನ್ನ ಹಿಂಗ ಹೊಡೀಬಹುದೇನ್ರೀ? ಯುದ್ಧದಾಗ ಅದಕ್ಕೇನರ ರೂಲ್ಸ್ ಅದಾವ?" ಅಂತ ಕೇಳಿದ.

"ಇದಾವೆ" ಅಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಆದರೆ ಆ ಹುಡುಗ ಕೂರಲಿಲ್ಲ, ನಾನು ಹೊರಗೆ ಹೋಗುವ ತನಕ ನಿಂತೇ ಇದ್ದ. ಅವನು ಕೇಳಿದ್ದು ಪರೀಕ್ಷೆಗೆ ಅಲ್ಲ, ಅಣ್ಣನ ಸಲುವಾಗಿ ಅಂತ ನನಗೆ ಆಮೇಲೆ ಹೊಳೆಯಿತು.

ಆವತ್ತಿನಿಂದ ಓದುತ್ತಿದ್ದೇನೆ. ನನಗೆ ತಿಳಿದಷ್ಟು ಮೊದಲು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಯುದ್ಧ ಶುರು ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ಒಂದು ಪ್ರಶ್ನೆ. ಅದಕ್ಕೆ ವಿಶ್ವಸಂಸ್ಥೆಯ ಸನ್ನದು ಇದೆ. ಶುರುವಾದ ಮೇಲೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಮಾನವೀಯ ಕಾನೂನು ಇರುವುದು ಈ ಎರಡನೆಯದಕ್ಕೆ ಮಾತ್ರ. ಮೊದಲು ಕೈ ಮಾಡಿದವರು ಯಾರು ಅಂತ ಅದು ಕೇಳುವುದಿಲ್ಲ. ಧಾರವಾಡ ರೋಡಿನಲ್ಲಿ ಗಾಡಿ ಡಿಕ್ಕಿಯಾದರೆ ಆಂಬುಲೆನ್ಸಿನವರು ತಪ್ಪು ಯಾರದು ಅಂತ ವಿಚಾರಿಸಿ ಆಮೇಲೆ ಸ್ಟ್ರೆಚರ್ ಇಳಿಸುತ್ತಾರಾ? ಇಲ್ಲ ಅಲ್ವಾ? ಇದೂ ಹಾಗೇ.

ಇದು ಹುಟ್ಟಿದ ಕಥೆ ನನಗೆ ತುಂಬ ಹಿಡಿಸಿತು. 1859ರ ಜೂನ್ 24. ಇಟಲಿಯ ಸೋಲ್ಫೆರಿನೋ ಅನ್ನುವಲ್ಲಿ ಒಂದೇ ದಿನದ ಕಾಳಗ. ಸತ್ತವರು, ಗಾಯಗೊಂಡವರು ಸೇರಿ ಸುಮಾರು 40,000 ಜನ. ಸ್ವಿಟ್ಜರ್ಲೆಂಡಿನ ವ್ಯಾಪಾರಿ ಆನ್ರಿ ಡ್ಯೂನಾನ್ ತನ್ನ ಯಾವುದೋ ಕೆಲಸಕ್ಕೆ ಆ ಕಡೆ ಹೋಗಿದ್ದರು. ಪಕ್ಕದ ಕಾಸ್ತಿಲಿಯೋನೆ ಊರಿನ ಚರ್ಚಿನಲ್ಲಿ ಗಾಯಾಳುಗಳು ನೆಲದ ಮೇಲೆ ಬಿದ್ದಿದ್ದರು. ನೀರು ಕೊಡುವವರಿಲ್ಲ. ಊರ ಹೆಂಗಸರನ್ನು ಕೂಡಿಸಿಕೊಂಡು ಇವರು ಆರೈಕೆಗೆ ನಿಂತರು. ಆ ಹೆಂಗಸರು ಯಾವ ಸೈನ್ಯದವನು ಅಂತ ನೋಡಲಿಲ್ಲ. "ಎಲ್ಲರೂ ಅಣ್ಣತಮ್ಮಂದಿರೇ" ಅಂದರಂತೆ. ಕಂಡದ್ದನ್ನು ಡ್ಯೂನಾನ್ 1862ರಲ್ಲಿ ಪುಸ್ತಕ ಮಾಡಿದರು. ಮರುವರ್ಷ ಜಿನೀವಾದಲ್ಲಿ ಈಗಿನ ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. 1864ರಲ್ಲಿ 12 ದೇಶಗಳು ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು.

ಈಗ ನಡೆಯುತ್ತಿರುವುದು 1949ರ ಆಗಸ್ಟ್ 12ರ ನಾಲ್ಕು ಒಪ್ಪಂದಗಳು. ನೆಲದ ಮೇಲೆ ಗಾಯಗೊಂಡವರಿಗೆ ಒಂದು, ಸಮುದ್ರದಲ್ಲಿ ಗಾಯಗೊಂಡವರಿಗೆ, ಹಡಗು ಮುಳುಗಿದವರಿಗೆ ಒಂದು, ಯುದ್ಧಕೈದಿಗಳಿಗೆ ಒಂದು, ಸಾಮಾನ್ಯ ಜನರಿಗೆ ಒಂದು. ಜಗತ್ತಿನ ಎಲ್ಲ ದೇಶಗಳೂ ಒಪ್ಪಿವೆ, ಒಟ್ಟು 196. ಭಾರತ 1950ರಲ್ಲೇ ಒಪ್ಪಿತು.

ಇಷ್ಟು ಪುಸ್ತಕದ ಮಾತು. ಆದರೆ ಆ ಹುಡುಗನಿಗೆ ಪುಸ್ತಕದ ಮಾತು ಸಾಲುವುದಿಲ್ಲ. ಇಲ್ಲಿ ಮಿಲಿಟರಿಯಲ್ಲಿ ಇದ್ದು ಬಂದವರಿದ್ದೀರಿ, ದಯವಿಟ್ಟು ಬರೆಯಿರಿ.

ಖಾನಾಪುರದ ಮಾಜಿ ಹವಾಲ್ದಾರ್

ಅಕ್ಕೋರೆ, ನಮಸ್ಕಾರ. ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯವನು. ಬೆಳಗಾವಿ ಸೆಂಟರಿನಲ್ಲೇ ಟ್ರೇನಿಂಗ್ ಆದವನು. ಆ ಹುಡುಗನಿಗೆ ನೀವು "ಇದಾವೆ" ಅಂದಿದ್ದು ಸರಿ. ಅದನ್ನು ನಮಗೆ ಉಸ್ತಾದರು ಮೈದಾನದಲ್ಲೇ ಹೇಳಿಕೊಡುತ್ತಿದ್ದರು. ಬಂದೂಕು ಕೆಳಗಿಟ್ಟು ಕೈ ಎತ್ತಿದವನು, ಗಾಯಗೊಂಡು ಬಿದ್ದು ಹೋರಾಡಲಾರದವನು, ಪ್ರಜ್ಞೆ ತಪ್ಪಿದವನು, ಇವರು ಕಾಳಗದಿಂದ ಹೊರಗೆ ಬಿದ್ದವರು. ಅವರ ಮೇಲೆ ಗುಂಡು ಹಾರಿಸುವ ಹಾಗಿಲ್ಲ. "ಯಾರನ್ನೂ ಜೀವಂತ ಬಿಡಬೇಡಿ" ಅಂತ ಹುಕುಂ ಕೊಡುವುದೂ ಅಪರಾಧ. ವಿಮಾನಕ್ಕೆ ಬೆಂಕಿ ಬಿದ್ದು ಪ್ಯಾರಾಶೂಟಿನಲ್ಲಿ ಇಳಿಯುತ್ತಿರುವ ಪೈಲಟ್ ಮೇಲೂ ಗುಂಡು ಹಾರಿಸಬಾರದು. ದಾಳಿ ಮಾಡಲೆಂದೇ ಜಿಗಿದ ಪ್ಯಾರಾಟ್ರೂಪರ್ ಆದರೆ ಮಾತ್ರ ಲೆಕ್ಕ ಬೇರೆ.

ಸಿಕ್ಕಿಬಿದ್ದ ಸೈನಿಕ ಹೇಳಬೇಕಾದದ್ದು ನಾಲ್ಕೇ ಸಂಗತಿ. ಹೆಸರು, ಹುದ್ದೆ, ಹುಟ್ಟಿದ ತಾರೀಖು, ನಂಬರು. ಬೇರೆ ಏನು ಕೇಳಿದರೂ ಉತ್ತರ ಕೊಡಬೇಕಾಗಿಲ್ಲ. ಬಾಯಿ ಬಿಡಿಸಲು ಹೊಡೆಯುವ ಹಾಗೂ ಇಲ್ಲ.

ನಮ್ಮ ಮನೆಯ ಮಾತೊಂದು ಹೇಳುತ್ತೇನೆ. ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋದವರು. ಕುಟ್ ಅನ್ನುವ ಊರಿಗೆ ತುರ್ಕರು ಮುತ್ತಿಗೆ ಹಾಕಿದಾಗ ಮರಾಠಾ ಪಲ್ಟನ್‌ಗಳು ಒಳಗೇ ಇದ್ದವು. ಹತ್ತಿರ ಹತ್ತಿರ ಐದು ತಿಂಗಳು ತಡೆದರು. ಕುದುರೆ ಮಾಂಸ ತಿನ್ನುವ ಹೊತ್ತು ಬಂತು. 1916ರ ಏಪ್ರಿಲ್ 29ಕ್ಕೆ ಶರಣಾದರು, ಸುಮಾರು 13,000 ಜನ. ಅಲ್ಲಿಂದ ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ದಾರಿಯಲ್ಲಿ, ಕ್ಯಾಂಪುಗಳಲ್ಲಿ ಸಾವಿರಾರು ಜನ ಸತ್ತರು. ಮುತ್ತಜ್ಜ ತಿರುಗಿ ಬರಲಿಲ್ಲ. ಸತ್ತರು ಅಂತಲೂ ಕಾಗದ ಬರಲಿಲ್ಲ. ಮುತ್ತಜ್ಜಿ ಕುಂಕುಮ ಇಡಬೇಕೋ ಅಳಿಸಬೇಕೋ ಗೊತ್ತಾಗದೆ ಎಷ್ಟೋ ವರ್ಷ ಕಳೆದಳು ಅಂತ ನಮ್ಮಜ್ಜ ಹೇಳುತ್ತಿದ್ದರು. ದೀಪಾವಳಿಗೆ ಒಂದು ಧೋತರ ತೆಗೆದಿಡುತ್ತಿದ್ದಳಂತೆ.

ಅದಕ್ಕೇ ಹೇಳುತ್ತೇನೆ. ಈಗಿನ ಒಪ್ಪಂದದಲ್ಲಿ ಒಂದು ಸಣ್ಣ ಕಲಂ ಇದೆ. ಯುದ್ಧಕೈದಿ ಕ್ಯಾಂಪಿಗೆ ಬಂದ ಒಂದು ವಾರದೊಳಗೆ ಮನೆಗೆ ಒಂದು ಕಾರ್ಡು ಬರೆಯಲು ಬಿಡಬೇಕು. ನಾನು ಸಿಕ್ಕಿದ್ದೇನೆ, ಬದುಕಿದ್ದೇನೆ, ಆರೋಗ್ಯ ಹೀಗಿದೆ, ಅಷ್ಟೇ. ಆಮೇಲೆ ತಿಂಗಳಿಗೆ ಕಡಿಮೆ ಅಂದರೂ ಎರಡು ಪತ್ರ, ನಾಲ್ಕು ಕಾರ್ಡು. ಓದಿದವರಿಗೆ ಇದು ಸಣ್ಣದು. ನಮ್ಮ ಮುತ್ತಜ್ಜಿಗೆ ಆ ಒಂದು ಕಾರ್ಡು ಬಂದಿದ್ದರೆ!

1971ರ ಯುದ್ಧದ ನಂತರ ನಮ್ಮ ತಂದೆ ಯುದ್ಧಕೈದಿಗಳ ಕ್ಯಾಂಪಿನಲ್ಲಿ ಕಾವಲಿಗಿದ್ದರು. ಪಾಕಿಸ್ತಾನದ ಸುಮಾರು 93,000 ಜನ ಸಿಕ್ಕಿದ್ದರು, ಅವರಲ್ಲಿ ಕೆಲವರು ಸೈನಿಕರಲ್ಲದವರು. ಡಿಸೆಂಬರ್ 16ರಂದು ಢಾಕಾದಲ್ಲಿ ಸಹಿಯಾದ ಶರಣಾಗತಿ ಪತ್ರದಲ್ಲೇ, ಜಿನೀವಾ ಒಪ್ಪಂದದ ಪ್ರಕಾರ ಗೌರವದಿಂದ ನಡೆಸಿಕೊಳ್ಳುತ್ತೇವೆ ಅಂತ ನಮ್ಮ ಲೆಫ್ಟಿನೆಂಟ್ ಜನರಲ್ ಅರೋರಾ ಮಾತು ಕೊಟ್ಟಿದ್ದಾರೆ. ಮುಳ್ಳುತಂತಿಯ ಆ ಕಡೆ ಒಬ್ಬ ಮಂಡಿಯ ಮೇಲೆ ಕಾರ್ಡು ಇಟ್ಟುಕೊಂಡು ಬರೆಯುತ್ತಿದ್ದನಂತೆ. ಮಧ್ಯದಲ್ಲಿ ತಲೆ ಎತ್ತಿ ನಮ್ಮ ತಂದೆಯನ್ನು ಕೇಳಿದ, "ಇವತ್ತು ತಾರೀಖು ಎಷ್ಟು?" ತಂದೆ ಹೇಳಿದರು. ಅವನು ಬರೆದುಕೊಂಡ. ಇಷ್ಟೇ ಘಟನೆ. ಆದರೆ ನಮ್ಮ ತಂದೆ ಸಾಯುವ ತನಕ ಇದನ್ನು ಹೇಳುತ್ತಿದ್ದರು.

ಜಮಖಂಡಿ ಹುಡುಗ

ಕಾಕಾ, ನಿಮ್ಮ ಮುತ್ತಜ್ಜನ ಮಾತು ಓದಿ ಮನಸ್ಸು ಭಾರ ಆಯಿತು. ಆದರೂ ನನ್ನ ಅನುಮಾನ ಕೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎದುರಿನವನು ಈ ನಿಯಮ ಪಾಲಿಸದೇ ಇದ್ದರೆ ನಾವು ಯಾಕೆ ಪಾಲಿಸಬೇಕು? ಅವನು ಸಮವಸ್ತ್ರ ಹಾಕದೆ ಜನರ ಮಧ್ಯೆ ಅಡಗಿ ಹೊಡೆಯುತ್ತಾನೆ. ನಾವು ಮಾತ್ರ ಪುಸ್ತಕ ತೆಗೆದು ಕಲಂ ಹುಡುಕುತ್ತಾ ಕೂರಬೇಕಾ? ಪಾಲಿಸದವರಿಗೆ ಶಿಕ್ಷೆ ಕೊಡುವವರು ಯಾರು? ಶಿಕ್ಷೆ ಇಲ್ಲದ ಕಾನೂನು ಹಾಳೆಯ ಮೇಲಿನ ಶಾಯಿ ಅಷ್ಟೇ.

ಕಾನೂನು ಓದುವವಳು, ಬೆಳಗಾವಿ

ಅಣ್ಣಾ, ಒಳ್ಳೆಯ ಪ್ರಶ್ನೆ. ನಮ್ಮ ಕ್ಲಾಸಿನಲ್ಲೂ ಇದೇ ಮೊದಲು ಬಂದಿತ್ತು.

ನಾಲ್ಕೂ ಒಪ್ಪಂದಗಳ ಮೊದಲ ಕಲಂ ಏನು ಹೇಳುತ್ತದೆ ಅಂದರೆ, ಎಲ್ಲ ಸಂದರ್ಭದಲ್ಲೂ ಇದನ್ನು ನೀವೂ ಪಾಲಿಸಬೇಕು, ಬೇರೆಯವರೂ ಪಾಲಿಸುವಂತೆ ನೋಡಿಕೊಳ್ಳಬೇಕು. "ಅವನು ಪಾಲಿಸಿದರೆ" ಅನ್ನುವ ಷರತ್ತು ಅಲ್ಲಿಲ್ಲ. ಬಾಡಿಗೆ ಕರಾರಿನ ಹಾಗೆ ಅವನು ಮುರಿದ, ನಾನೂ ಮುರಿದೆ ಅನ್ನಲು ಬರುವುದಿಲ್ಲ. ಯಾಕೆಂದರೆ ಆ ಕರಾರು ಎರಡು ಸರ್ಕಾರಗಳ ಲಾಭಕ್ಕೆ ಆದದ್ದಲ್ಲ. ಅದು ಕ್ಯಾಂಪಿನಲ್ಲಿ ಕೂತ ಕೈದಿಯ ಸಲುವಾಗಿ. ಅವನ ಸರ್ಕಾರ ತಪ್ಪು ಮಾಡಿದರೆ ಅವನ ಊಟ ಯಾಕೆ ನಿಲ್ಲಿಸಬೇಕು?

ಸಮವಸ್ತ್ರ ಇಲ್ಲದೆ ಜನರ ಮಧ್ಯೆ ಅಡಗಿ ಹೊಡೆಯುವವನ ವಿಷಯ. ಇಲ್ಲಿ ಕಾನೂನು ನೀವು ಅಂದುಕೊಂಡಷ್ಟು ಮೆತ್ತಗಿಲ್ಲ. ಆಯುಧ ಹಿಡಿದು ಹೋರಾಟಕ್ಕೆ ಇಳಿದಿರುವಷ್ಟು ಹೊತ್ತು ಸಾಮಾನ್ಯ ಪ್ರಜೆಗಿರುವ ರಕ್ಷಣೆ ಅವನಿಗೆ ಇಲ್ಲ, ಅವನ ಮೇಲೆ ದಾಳಿ ಮಾಡಬಹುದು. ಸಿಕ್ಕರೆ ಯುದ್ಧಕೈದಿಯ ಸ್ಥಾನವೂ ಸಿಗದೇ ಹೋಗಬಹುದು. ಅವನ ಮೇಲೆ ಕೇಸು ಹಾಕಿ ಶಿಕ್ಷೆ ಕೊಡಬಹುದು. ಮಾಡಬಾರದ್ದು ಇಷ್ಟು: ಹಿಂಸೆ ಕೊಡುವುದು, ಅವಮಾನ ಮಾಡುವುದು, ವಿಚಾರಣೆ ಇಲ್ಲದೆ ಕೊಲ್ಲುವುದು. ಇದು ನಾಲ್ಕೂ ಒಪ್ಪಂದಗಳಲ್ಲಿ ಒಂದೇ ರೀತಿ ಇರುವ 3ನೇ ಕಲಂ. ದೇಶದೊಳಗಿನ ಸಶಸ್ತ್ರ ಸಂಘರ್ಷಕ್ಕೂ ಅದು ಅನ್ವಯಿಸುತ್ತದೆ. ಸುಮ್ನೆ ಒಂದು ಗಲಾಟೆ, ಕಲ್ಲು ತೂರಾಟಕ್ಕೆ ಅಲ್ಲ. ಅದಕ್ಕೆ ಮಾಮೂಲಿ ಪೊಲೀಸ್ ಕಾನೂನು, ಮಾನವ ಹಕ್ಕುಗಳ ಕಾನೂನು ಇವೆ.

ದಾಳಿಯ ನಿಯಮಗಳನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ನಮ್ಮ ಕಡೆಯ ಒಂದು ಊರು ಅಂದುಕೊಳ್ಳಿ. ಹಳ್ಳಕ್ಕೆ ಸೇತುವೆ. ವೈರಿಯ ಟ್ಯಾಂಕುಗಳು ಅದರ ಮೇಲೆ ದಾಟುತ್ತಿವೆ. ಆದ್ದರಿಂದ ಸೇತುವೆ ಮಿಲಿಟರಿ ಗುರಿ ಆಯಿತು. ಸೇತುವೆಯ ಬುಡದಲ್ಲಿ ಸೋಮವಾರದ ಸಂತೆ. ಮೆಣಸಿನಕಾಯಿ, ಜೋಳ, ಬಳೆ ಅಂಗಡಿ, ಮಕ್ಕಳು. ಸಂತೆಯ ಜನ ಗುರಿ ಅಲ್ಲ, ಎಂದಿಗೂ ಅಲ್ಲ. ಹೋರಾಡುವವರನ್ನೂ ಹೋರಾಡದವರನ್ನೂ ಬೇರೆ ಮಾಡಿ ನೋಡು ಅನ್ನುವುದು ಮೊದಲ ನಿಯಮ.

ಈಗ ಕಮಾಂಡರ್ ಯೋಚಿಸಬೇಕು. ಸಂಜೆ ಸಂತೆ ಚದುರುತ್ತದೆ, ಅಲ್ಲಿತನಕ ಕಾಯಲು ಬರುತ್ತದಾ? ಜನರಿಗೆ ಮೊದಲೇ ಎಚ್ಚರಿಕೆ ಕೊಡಲು ಆಗುತ್ತದಾ? ಸಣ್ಣ ಬಾಂಬಿನಲ್ಲಿ ಕೆಲಸ ಮುಗಿಯುತ್ತದಾ? ಸಾಧ್ಯವಿರುವ ಎಚ್ಚರವನ್ನೆಲ್ಲ ತೆಗೆದುಕೊಳ್ಳಲೇಬೇಕು. ಕೊನೆಗೆ ಅಳತೆಯ ಪ್ರಶ್ನೆ. ಸೇತುವೆ ಒಡೆದರೆ ಸಿಗುವ ಮಿಲಿಟರಿ ಲಾಭದ ಎದುರು ಸಾಯಬಹುದಾದ ಜನರ ಸಂಖ್ಯೆ ತೀರಾ ಜಾಸ್ತಿ ಅನಿಸಿದರೆ ದಾಳಿ ಮಾಡುವ ಹಾಗಿಲ್ಲ.

ಇಲ್ಲಿ ಒಂದು ಕಹಿ ಮಾತು ಹೇಳಬೇಕು. ಸಾಮಾನ್ಯ ಜನ ಸತ್ತ ಪ್ರತಿ ದಾಳಿಯೂ ಈ ಕಾನೂನಿನಲ್ಲಿ ಅಪರಾಧ ಅಲ್ಲ. ಕೆಲವು ಸಾವುಗಳನ್ನು ಅದು ಸಹಿಸುತ್ತದೆ. ಓದುವಾಗ ನನಗೆ ತುಂಬ ಕಷ್ಟವಾದ ಭಾಗ ಇದು. ಒಂದು ರಾತ್ರಿ ಪುಸ್ತಕ ಮುಚ್ಚಿಟ್ಟಿದ್ದೆ. ಆದರೆ ಆ ಅಳತೆಯೂ ಇಲ್ಲದಿದ್ದರೆ ಸಂತೆಯ ಜನರನ್ನು ಎಣಿಸುವವರೇ ಇರುವುದಿಲ್ಲ.

ಶಿಕ್ಷೆಯ ಬಗ್ಗೆ. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ಬೇಕಂತಲೇ ಕೊಂದಂಥ ಗಂಭೀರ ಉಲ್ಲಂಘನೆಗೆ ಮರಣದಂಡನೆ ಅಥವಾ ಜೀವಾವಧಿ, ಬೇರೆ ಗಂಭೀರ ಉಲ್ಲಂಘನೆಗೆ 14 ವರ್ಷದ ತನಕ ಜೈಲು. ಆದರೆ ಸರ್ಕಾರವೇ ದೂರು ಕೊಡಬೇಕು. ನಾನು, ನೀವು ಹೋಗಿ ಕೇಸು ಹಾಕಲು ಬರುವುದಿಲ್ಲ. ಹೊರಗೆ ನೋಡಿದರೆ ಎರಡನೇ ಮಹಾಯುದ್ಧದ ನಂತರ ಜರ್ಮನಿಯ ನಾಜಿ ನಾಯಕರ ಮೇಲೆ ನ್ಯೂರೆಂಬರ್ಗ್ ವಿಚಾರಣೆ ನಡೆಯಿತು. "ಮೇಲಿನವರು ಹೇಳಿದರು, ಮಾಡಿದೆ" ಅನ್ನುವ ನೆಪ ಅಲ್ಲಿ ನಡೆಯಲಿಲ್ಲ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಸುಮಾರು 8,000 ಗಂಡಸರನ್ನು, ಹುಡುಗರನ್ನು ಕೊಂದರು. ಕೊಂದ ಬೋಸ್ನಿಯಾ ಸರ್ಬ್ ಸೈನ್ಯದ ಸೇನಾಧಿಪತಿ ರಾಟ್ಕೊ ಮ್ಲಾಡಿಚ್‌ಗೆ ಜೀವಾವಧಿ ಶಿಕ್ಷೆ ಆಯಿತು. ಹದಿನಾರು ವರ್ಷ ತಲೆ ತಪ್ಪಿಸಿಕೊಂಡು ಓಡಾಡಿ 2011ರಲ್ಲಿ ಸಿಕ್ಕ.

ಜಮಖಂಡಿ ಹುಡುಗ

ಒಪ್ಪುವುದು ಅರ್ಧ ಮಾತ್ರ. ಸಣ್ಣ ದೇಶದ, ಸೋತ ಪಕ್ಷದ ಸೇನಾಧಿಪತಿ ಸಿಕ್ಕ. ದೊಡ್ಡ ದೇಶದವರನ್ನು ಯಾರು ಹಿಡಿಯುತ್ತಾರೆ? ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಅಮೆರಿಕ, ರಷ್ಯಾ, ಚೀನಾ ಯಾರೂ ಸದಸ್ಯರಲ್ಲ. ನಾವೂ ಅಲ್ಲ.

ಕಾನೂನು ಓದುವವಳು, ಬೆಳಗಾವಿ

ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಎರಡು ಹೆಚ್ಚುವರಿ ಒಡಂಬಡಿಕೆಗಳಿಗೂ ಭಾರತ ಸೇರಿಲ್ಲ. ನೆಲಬಾಂಬ್ ನಿಷೇಧಿಸುವ 1997ರ ಒಪ್ಪಂದಕ್ಕೂ ಇಲ್ಲ. ಆದರೆ ಸಂತೆಯ ಉದಾಹರಣೆಯಲ್ಲಿ ಹೇಳಿದ ನಿಯಮಗಳು ವಾಡಿಕೆಯ ಕಾನೂನು. ಸಹಿ ಹಾಕಲಿ ಬಿಡಲಿ, ಎಲ್ಲರಿಗೂ ಅನ್ವಯಿಸುತ್ತವೆ. ಹೊಲದ ಬದುವಿನ ದಾರಿಯ ಹಾಗೆ. ಉತಾರೆಯಲ್ಲಿ ಬರೆದಿರದಿದ್ದರೂ ಎಲ್ಲರೂ ಬಹಳ ಕಾಲ ನಡೆದು ದಾರಿ ಆಗಿರುತ್ತದೆ. ಅದನ್ನು ಮುಚ್ಚಲು ಬರುವುದಿಲ್ಲ.

ಬಾಗಲಕೋಟೆ ಸಿಸ್ಟರ್

ನಾನು ನವನಗರದಲ್ಲಿ ನರ್ಸ್. ನನಗೆ ಕಾನೂನಿನ ದೊಡ್ಡ ಮಾತು ಗೊತ್ತಿಲ್ಲ, ಆದರೆ ಒಂದು ವಿಷಯ ಹತ್ತಿರದಿಂದ ಗೊತ್ತು. ಕೆಂಪು ಕ್ರಾಸ್ ಗುರುತು.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಸಣ್ಣ ಆಸ್ಪತ್ರೆಯ ಗಾಡಿಗೆ ಬಿಳಿ ಬಣ್ಣದ ಮೇಲೆ ದೊಡ್ಡ ಕೆಂಪು ಕ್ರಾಸ್ ಬರೆಸಿದ್ದರು. ಅದೇ ಗಾಡಿಯಲ್ಲಿ ಒಮ್ಮೆ ಮದುವೆ ಸಾಮಾನು ಸಾಗಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಪಾತ್ರೆ, ಜಮಖಾನ, ಎರಡು ಗ್ಯಾಸ್ ಸಿಲಿಂಡರ್. ಚೆಕ್‌ಪೋಸ್ಟಿನಲ್ಲಿ ಗುರುತು ನೋಡಿ ಬಿಟ್ಟರು. ಆವತ್ತು ನನಗೂ ಅದು ತಪ್ಪು ಅನಿಸಿರಲಿಲ್ಲ. ಆಮೇಲೆ ಒಂದು ತರಬೇತಿಯಲ್ಲಿ ತಿಳಿಯಿತು.

ಅದು ಆಸ್ಪತ್ರೆಯ ಗುರುತೇ ಅಲ್ಲ. ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣ ತಿರುಗಿಸಿ ಮಾಡಿದ್ದು. ಅದರ ಅರ್ಥ "ಗುಂಡು ಹಾರಿಸಬೇಡ" ಅಂತ. ಯುದ್ಧದಲ್ಲಿ ಸೇನೆಯ ವೈದ್ಯಕೀಯ ತಂಡ, ಗಾಯಾಳುಗಳ ಗಾಡಿ, ಆಸ್ಪತ್ರೆ, ಇವರ ರಕ್ಷಣೆಗೆ. ಕೆಂಪು ಅರ್ಧಚಂದ್ರಕ್ಕೂ ಅದೇ ಅರ್ಥ, 2005ರಲ್ಲಿ ಬಂದ ಕೆಂಪು ಹರಳಿಗೂ ಅದೇ. 1960ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಕೆಂಪು ಕ್ರಾಸ್ ಬಳಸುವುದು ಅಪರಾಧ. ಔಷಧಿ ಅಂಗಡಿಗೂ ಬರುವುದಿಲ್ಲ, ಡಾಕ್ಟರ ಕಾರಿಗೂ ಬರುವುದಿಲ್ಲ.

ಯಾಕೆ ಇಷ್ಟು ಬಿಗಿ ಅಂದರೆ, ಆ ಗುರುತಿನ ಗಾಡಿಯಲ್ಲಿ ಒಮ್ಮೆ ಬಂದೂಕು ಸಾಗಿಸಿದರೂ ಸಾಕು, ಮುಂದಿನ ಸಲ ನಿಜವಾದ ಗಾಯಾಳು ಇರುವ ಗಾಡಿಯ ಮೇಲೆ ಗುಂಡು ಬೀಳುತ್ತದೆ. ನಂಬಿಕೆ ಹುಟ್ಟಿಸಿ ಕೊಲ್ಲುವುದನ್ನು ಕಾನೂನು ವಿಶ್ವಾಸದ್ರೋಹ ಅನ್ನುತ್ತದೆ. ಆಸ್ಪತ್ರೆಯೊಳಗಿಂದ ದಾಳಿ ನಡೆದರೆ ಅದರ ರಕ್ಷಣೆ ಹೋಗಬಹುದು, ಆದರೆ ಆಗಲೂ ಮೊದಲು ಎಚ್ಚರಿಕೆ ಕೊಟ್ಟು ಸಮಯ ಕೊಡಬೇಕು. ಗಾಯಗೊಂಡ ಸೈನಿಕನಿಗೆ ಚಿಕಿತ್ಸೆ ಕೊಡುವುದು ದಾಳಿಯಲ್ಲಿ ಕೈ ಸೇರಿಸಿದಂತೆ ಆಗುವುದಿಲ್ಲ. ವೈರಿಯಾದರೂ ಸರಿ. ಯಾರಿಗೆ ಮೊದಲು ಚಿಕಿತ್ಸೆ ಅನ್ನುವುದನ್ನು ಗಾಯ ನೋಡಿ ತೀರ್ಮಾನಿಸಬೇಕು, ಸಮವಸ್ತ್ರ ನೋಡಿ ಅಲ್ಲ. ನಾವು ಕ್ಯಾಜುಯಲ್ಟಿಯಲ್ಲಿ ದಿನಾ ಮಾಡುವುದು ಅದನ್ನೇ.

ಈಗ ನಾನಿರುವ ಕಡೆ ಹೇಳಿ ಹೇಳಿ ಗಾಡಿಯ ಕ್ರಾಸ್ ತೆಗೆಸಿದ್ದೇನೆ. ಪೇಂಟರ್ ನೀಲಿ ನಕ್ಷತ್ರ ಬರೆದುಕೊಟ್ಟ. ಹಳೆಯ ಕೆಂಪು ಇನ್ನೂ ಸ್ವಲ್ಪ ಕೆಳಗಿನಿಂದ ಕಾಣುತ್ತದೆ, ಇನ್ನೊಂದು ಕೋಟ್ ಹೊಡೆಯಬೇಕು.

ನಿಡಗುಂದಿ ರೈತ

ನಮ್ಮ ಹೊಲದಿಂದ ಆಲಮಟ್ಟಿ ಡ್ಯಾಮ್ ಹತ್ತಿರ. ಗೇಟು ತೆಗೆದಾಗ ಮನೆಯ ಗೋಡೆಗೆ ಕಿವಿ ಇಟ್ಟರೆ ಗುಡುಗುಡು ಕೇಳಿಸುತ್ತದೆ. ಇಲ್ಲಿನ 120 ಟಿಎಂಸಿಗೂ ಮೇಲಿನ ನೀರು ಒಮ್ಮೆಲೇ ಹೋದರೆ ಕೆಳಗಿನ ಊರುಗಳ ಗತಿ ಏನು ಅಂತ ಮಳೆಗಾಲದಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ. ಯುದ್ಧದಲ್ಲಿ ಡ್ಯಾಮ್ ಒಡೆಯಬಹುದಾ? ಅದಕ್ಕೆ ಏನಾದರೂ ನಿಯಮ ಇದೆಯಾ ತಂಗಿ?

ಕಾನೂನು ಓದುವವಳು, ಬೆಳಗಾವಿ

ಇದೆ ಮಾಮಾ. 1943ರ ಮೇ ತಿಂಗಳಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ ಡ್ಯಾಮ್ ಒಡೆದವು. ಪ್ರವಾಹದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಜರ್ಮನ್ನರೇ ಅಲ್ಲ, ಬೇರೆ ದೇಶಗಳಿಂದ ಹಿಡಿದು ತಂದು ದುಡಿಸುತ್ತಿದ್ದವರು. 1977ರ ಮೊದಲ ಒಡಂಬಡಿಕೆಯಲ್ಲಿ ಅಣೆಕಟ್ಟು, ಒಡ್ಡು, ಅಣು ವಿದ್ಯುತ್ ಸ್ಥಾವರ ಈ ಮೂರಕ್ಕೆ ವಿಶೇಷ ರಕ್ಷಣೆ ಕೊಟ್ಟರು. ಮಿಲಿಟರಿ ಗುರಿಯೇ ಆಗಿದ್ದರೂ, ಒಡೆದರೆ ಜನರಿಗೆ ಭಾರಿ ಹಾನಿಯಾಗುವಂತಿದ್ದರೆ ಮುಟ್ಟುವ ಹಾಗಿಲ್ಲ. ತೀರಾ ಕಡಿಮೆ ಸಂದರ್ಭಕ್ಕೆ ಮಾತ್ರ ವಿನಾಯಿತಿ ಇದೆ. ಭಾರತ ಅದಕ್ಕೆ ಸೇರಿಲ್ಲ ಅಂತ ಮೇಲೆ ಹೇಳಿದೆ. ಆದರೆ ಅಳತೆಯ ನಿಯಮ, ಎಚ್ಚರದ ನಿಯಮ ಡ್ಯಾಮಿಗೂ ಅನ್ವಯಿಸುತ್ತವೆ.

ಭಾರತ, ಪಾಕಿಸ್ತಾನಗಳ ಮಧ್ಯೆ ಇನ್ನೊಂದು ಒಪ್ಪಂದ ಇದೆ. ಒಬ್ಬರ ಅಣು ಸ್ಥಾವರದ ಮೇಲೆ ಒಬ್ಬರು ದಾಳಿ ಮಾಡಬಾರದು ಅಂತ 1988ರ ಡಿಸೆಂಬರ್ 31ರಂದು ಸಹಿ ಹಾಕಿದರು. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಮಾತುಕತೆ ನಿಂತ ವರ್ಷಗಳಲ್ಲೂ ಪಟ್ಟಿ ನಿಂತಿಲ್ಲ.

ವಿಜಯಪುರ ಗೈಡ್

ಇಷ್ಟೆಲ್ಲ ಮಾತಿನಲ್ಲಿ ನಮ್ಮ ಗುಮ್ಮಟಗಳ ವಿಷಯವನ್ನೂ ಸೇರಿಸಿಬಿಡುತ್ತೇನೆ. ಗೋಳಗುಮ್ಮಟ ತೋರಿಸಲು ಕರೆದುಕೊಂಡು ಹೋದಾಗ ಮಕ್ಕಳು ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಸುಸ್ತಾದ ಮೇಲೆ ತಾಳಿಕೋಟೆ ಯುದ್ಧದ ಬಗ್ಗೆ ಕೇಳುತ್ತಾರೆ. 1565ರ ಜನವರಿ. ಯುದ್ಧ ಮುಗಿದದ್ದು ರಣರಂಗದಲ್ಲಿ. ಆದರೆ ಆಮೇಲೆ ಹಂಪಿಯನ್ನು ತಿಂಗಳುಗಟ್ಟಲೆ ಸುಲಿದು, ಸುಟ್ಟು ಹಾಕಿದರು. ಸೈನ್ಯ ಸೋತ ಮೇಲೆ ಊರನ್ನು ಯಾಕೆ ಒಡೆದರು ಅಂತ ಒಂದು ಹುಡುಗಿ ಕೇಳಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಕಾನೂನಿದೆ. 1954ರ ಹೇಗ್ ಒಪ್ಪಂದ. ಯುದ್ಧ ಕಾಲದಲ್ಲಿ ಸ್ಮಾರಕ, ಮ್ಯೂಸಿಯಂ, ಗ್ರಂಥಾಲಯಗಳ ರಕ್ಷಣೆಗೆ. ಭಾರತ 1958ರಲ್ಲಿ ಸೇರಿತು. ಅದರ ಗುರುತು ನೀಲಿ ಬಿಳಿ ಗುರಾಣಿ. ಸ್ಮಾರಕವನ್ನು ಒಡೆಯಬಾರದು ಅನ್ನುವುದರ ಜೊತೆಗೆ, ಅದನ್ನು ಮದ್ದುಗುಂಡಿನ ಉಗ್ರಾಣ ಮಾಡಬಾರದು ಅಂತಲೂ ಇದೆ. ನಮ್ಮದೇ ಸೈನ್ಯಕ್ಕೂ ಅದು ಅನ್ವಯಿಸುತ್ತದೆ. ಮಾಲಿ ದೇಶದ ಟಿಂಬಕ್ಟುವಿನಲ್ಲಿ 2012ರಲ್ಲಿ ಹಳೆಯ ಗೋರಿಗಳನ್ನು ಗುದ್ದಲಿ ಹಿಡಿದು ಒಡೆಸಿದ ಅಲ್ ಮಹ್ದಿ ಅನ್ನುವವನಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ 9 ವರ್ಷ ಜೈಲು ಕೊಟ್ಟಿತು. ಬರೀ ಕಟ್ಟಡ ಒಡೆದ ಅಪರಾಧಕ್ಕೆ. ಇಬ್ರಾಹಿಂ ರೋಜಾದ ಕಲ್ಲಿನ ಜಾಲಿಗೆ ಕೈ ಇಟ್ಟುಕೊಂಡು ಆ ಸುದ್ದಿಯನ್ನು ಮೊಬೈಲಿನಲ್ಲಿ ಓದಿದ್ದು ನನಗೆ ಇನ್ನೂ ನೆನಪಿದೆ.

ಬೈಲಹೊಂಗಲದ ಅಕ್ಕೋರು

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ರಾಣಿ ಚೆನ್ನಮ್ಮನ ಸಮಾಧಿ ಹತ್ತಿರ ಹೋಗಿದ್ದೆ. ಅಲ್ಲೇ ಪಾಠ ಮಾಡೋಣ ಅಂತ. 1824ರ ಅಕ್ಟೋಬರ್ 23ರ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ. ವಾಲ್ಟರ್ ಎಲಿಯಟ್, ಸ್ಟೀವನ್ಸನ್ ಅನ್ನುವ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕರು. ಚೆನ್ನಮ್ಮ ಅವರನ್ನು ಕೊಲ್ಲಿಸಲಿಲ್ಲ, ಜೀವಂತ ಬಿಟ್ಟು ಕಳಿಸಿದಳು. ಜಿನೀವಾ ಒಪ್ಪಂದಕ್ಕಿಂತ 40 ವರ್ಷ ಮೊದಲು. ಎಲಿಯಟ್ ಮುಂದೆ ಶಾಸನಗಳನ್ನು ಓದುವ ದೊಡ್ಡ ವಿದ್ವಾಂಸನಾದ. ಚೆನ್ನಮ್ಮ ಮಾತ್ರ ಬ್ರಿಟಿಷರ ಸೆರೆಯಲ್ಲಿ, ಇದೇ ಬೈಲಹೊಂಗಲದಲ್ಲಿ, 1829ರಲ್ಲಿ ತೀರಿಕೊಂಡಳು.

ಜಮಖಂಡಿ ಹುಡುಗ

ಅಕ್ಕೋರೆ, ಚೆನ್ನಮ್ಮನ ಬಗ್ಗೆ ನನಗೂ ಅಷ್ಟೇ ಗೌರವ. ಆದರೆ ಅವರಿಬ್ಬರನ್ನು ಮಾತುಕತೆಯ ಸಲುವಾಗಿ ಒತ್ತೆ ಇಟ್ಟುಕೊಂಡಿದ್ದರು, ಅಲ್ವಾ? ಈಗಿನ ಕಾನೂನಿನಲ್ಲಿ ಒತ್ತೆ ಇಟ್ಟುಕೊಳ್ಳುವುದು ನಿಷೇಧ. ಮಕ್ಕಳಿಗೆ ಅದನ್ನೂ ಹೇಳಿ.

ನಮ್ಮ ಕಡೆಯದನ್ನೂ ಸೇರಿಸಿ. ಮುಧೋಳ ಹತ್ತಿರದ ಹಲಗಲಿ. 1857ರಲ್ಲಿ ಬೇಡರು ಹತಾರ ಕೊಡುವುದಿಲ್ಲ ಅಂದಿದ್ದಕ್ಕೆ ಕಂಪನಿ ಸೈನ್ಯ ಇಡೀ ಊರಿಗೆ ಬೆಂಕಿ ಹಚ್ಚಿತು. ಹತಾರ ಹಿಡಿದವರು ಕೆಲವರು, ಸುಟ್ಟದ್ದು ಎಲ್ಲರ ಮನೆ. ನಮ್ಮಜ್ಜಿ ಆ ಲಾವಣಿ ಹಾಡುತ್ತಿದ್ದಳು. ನಾಲ್ಕನೇ ಜಿನೀವಾ ಒಪ್ಪಂದದ 33ನೇ ಕಲಂ ನಿನ್ನೆ ಓದಿದೆ. ತಾನು ಮಾಡದ ತಪ್ಪಿಗೆ ಯಾರಿಗೂ ಶಿಕ್ಷೆ ಕೊಡಬಾರದು, ಸಾಮೂಹಿಕ ಶಿಕ್ಷೆ ಇಲ್ಲ, ಲೂಟಿ ಇಲ್ಲ. ಓದುವಾಗ ಕಣ್ಣ ಮುಂದೆ ಹಲಗಲಿಯೇ ಬಂತು.

ಬೈಲಹೊಂಗಲದ ಅಕ್ಕೋರು

ನೀನು ಹೇಳಿದ್ದು ಸರಿ ತಮ್ಮಾ. ಒತ್ತೆಯ ಮಾತನ್ನು ನಾನು ಬಿಟ್ಟಿದ್ದೆ, ನಾಳೆ ಹೇಳುತ್ತೇನೆ.

ಆ ಹುಡುಗನಿಗೆ ವಿಡಿಯೊ ಬಗ್ಗೆಯೂ ಉತ್ತರ ಕೊಟ್ಟೆ. ಮೂರನೇ ಒಪ್ಪಂದದ 13ನೇ ಕಲಂ. ಯುದ್ಧಕೈದಿಯನ್ನು ಹಿಂಸೆಯಿಂದ, ಅವಮಾನದಿಂದ, ಜನರ ಕುತೂಹಲದಿಂದ ಕಾಪಾಡಬೇಕು. ಅಂದರೆ ಒದೆಯುವುದು ಒಂದು ತಪ್ಪು, ಅದನ್ನು ಚಿತ್ರ ತೆಗೆದು ಹಂಚುವುದು ಇನ್ನೊಂದು. 2019ರ ಫೆಬ್ರವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ಸಿಕ್ಕಿಬಿದ್ದಾಗ ಗಾಯಗೊಂಡ ಮುಖದ ವಿಡಿಯೊ ಹರಿದಾಡಿತು. ಆಗ ನಮ್ಮ ವಿದೇಶಾಂಗ ಸಚಿವಾಲಯ ಇದು ಜಿನೀವಾ ಒಪ್ಪಂದದ ಉಲ್ಲಂಘನೆ ಅಂತ ಅದೇ ದಿನ ಆಕ್ಷೇಪ ಎತ್ತಿತು. ಮಾರ್ಚ್ 1ಕ್ಕೆ ಅವರು ವಾಪಸ್ ಬಂದರು. ಹುಡುಗ ಕೇಳಿದ, "ಹಂಗಾದರ ನಾನು ಆ ವಿಡಿಯೊ ಬ್ಯಾರೆ ಗ್ರೂಪಿಗೆ ಕಳಿಸಿದ್ದು?" ನಾನು ಏನೂ ಹೇಳಲಿಲ್ಲ. ಅವನೇ ಮೊಬೈಲ್ ತೆಗೆದ.

ಆಮೇಲೆ ಇನ್ನೊಂದು ಕೇಳಿದ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. "ಮನುಷ್ಯ ಎದುರಿಗಿದ್ದರ ಕೈ ಎತ್ತಬಹುದು. ಮ್ಯಾಲಿಂದ ಡ್ರೋನ್ ಬಂದರ ಯಾರಿಗೆ ಕೈ ಎತ್ತಬೇಕು?"

ಕಾನೂನು ಓದುವವಳು, ಬೆಳಗಾವಿ

ಇದು ನಡೆದಿದೆ ಅಕ್ಕೋರೆ. 1991ರ ಕೊಲ್ಲಿ ಯುದ್ಧದಲ್ಲಿ ಫೈಲಕಾ ದ್ವೀಪದ ಇರಾಕಿ ಸೈನಿಕರು ಅಮೆರಿಕದ ಹಡಗೊಂದು ಹಾರಿಸಿದ ಪೈಲಟ್ ಇಲ್ಲದ ವಿಮಾನಕ್ಕೆ ಬಿಳಿ ಬಟ್ಟೆ ಬೀಸಿ ಶರಣಾದರು. ಉಕ್ರೇನ್ ತನ್ನ ಡ್ರೋನಿಗೆ ಹೇಗೆ ಶರಣಾಗಬೇಕು ಅಂತ ರಷ್ಯಾದ ಸೈನಿಕರಿಗೆ 2022ರಲ್ಲಿ ಸೂಚನೆ ಹೊರಡಿಸಿತು. ನಿಯಮ ಬದಲಾಗಿಲ್ಲ. ಎಲ್ಲೋ ದೂರ ಪರದೆಯ ಮುಂದೆ ಕೂತವನಿಗೆ ಎತ್ತಿದ ಕೈ ಕಂಡರೆ ಅವನು ಹೊಡೆಯುವ ಹಾಗಿಲ್ಲ. ಆದರೆ ಪರದೆಯ ಮುಂದೆ ಯಾರೂ ಇರದೆ ಯಂತ್ರವೇ ಗುರಿ ಹಿಡಿಯುವ ಆಯುಧಗಳ ಬಗ್ಗೆ ದೇಶಗಳು ಜಿನೀವಾದಲ್ಲಿ ವರ್ಷಗಳಿಂದ ಮಾತಾಡುತ್ತಿವೆ. ಅದಕ್ಕೇ ಅಂತ ಒಪ್ಪಂದ ಇನ್ನೂ ಆಗಿಲ್ಲ.

ಖಾನಾಪುರದ ಮಾಜಿ ಹವಾಲ್ದಾರ್

ಅಕ್ಕೋರೆ, ಶನಿವಾರ ಬೆಳಗಿನ ಶಾಲೆ ಅಲ್ವಾ? ನಾನು ಏಳೂವರೆ ಬಸ್ಸಿಗೆ ಬರುತ್ತೇನೆ. ಆ ಹುಡುಗನ ಹತ್ತಿರ ಕೂತು ಮಾತಾಡಬೇಕು. ಅವನ ಅಣ್ಣ ಯಾವ ಯೂನಿಟ್ ಅಂತ ಮಾತ್ರ ಇಲ್ಲಿ ಬರೆಯಬೇಡಿ.